ಜೋಲಿ ಕಟ್ಟಲು ಎರಡು ಮರ, ಹೇಳಿ ಹೋಗಲು ಒಬ್ಬರು

ಪ್ರಶ್ನೆ: ನಾನು ಬಳ್ಳಾರಿಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ. ಆನ್‌ಲೈನ್‌ನಲ್ಲಿ ಒಂದು ಹ್ಯಾಮಕ್, ಅಂದರೆ ಎರಡು ಮರದ ನಡುವೆ ಕಟ್ಟಿ ಮಲಗುವ ಬಟ್ಟೆಯ ತೂಗುಹಾಸಿಗೆ, ತರಿಸಿಕೊಂಡಿದ್ದೇನೆ. ಸಂಡೂರು, ಆನೆಗೊಂದಿ ಅಥವಾ ಲಿಂಗಸುಗೂರು ಕಡೆ ಯಾರೂ ಬಾರದ ಕಾಡಿನ ಜಾಗ ಹುಡುಕಿ, ಒಬ್ಬನೇ ಒಂದು ರಾತ್ರಿ ಅದರಲ್ಲಿ ಮಲಗಿ ಬರಬೇಕು ಅಂತ ಬಹಳ ಆಸೆ. ಅಂಥ ಜಾಗ ಹುಡುಕೋದು ಹೇಗೆ? ಅನುಮತಿ ಬೇಕಾ? ಮರ ಎಂಥದ್ದಿರಬೇಕು? ಕರಡಿ, ಹಾವು ಅಂತ ಮನೆಯವರು ಹೆದರಿಸುತ್ತಾರೆ, ಅದೆಷ್ಟು ನಿಜ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಕಾಯ್ದಿಟ್ಟ ಅರಣ್ಯದೊಳಗೆ, ಅಭಯಾರಣ್ಯದೊಳಗೆ ಕದ್ದು ಮಲಗಬೇಡಿ. ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಕಾಯ್ದಿಟ್ಟ ಅರಣ್ಯಕ್ಕೆ ಅತಿಕ್ರಮ ಪ್ರವೇಶ ಮಾಡುವುದೇ ಅಪರಾಧ. ಅಭಯಾರಣ್ಯವಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಂ ಇದೆ, ಪರವಾನಗಿ ಇಲ್ಲದೆ ಒಳಗೆ ಕಾಲಿಡುವ ಹಾಗಿಲ್ಲ. ಆದರೆ ಆಸೆ ಬಿಡಬೇಕಾಗಿಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಒಳ್ಳೆಯ ಜಾಗಗಳು ಕಾಡಿನ ಒಳಗಿಗಿಂತ ಕಾಡಿನ ಅಂಚಿನಲ್ಲೇ ಜಾಸ್ತಿ. ಗುಡ್ಡ ಮುಗಿದು ಹೊಲ ಶುರುವಾಗುವ ಕಡೆ, ಹಳ್ಳದ ದಂಡೆಯಲ್ಲಿ, ಹಳೆ ಹುಣಸೆ ತೋಪಿನಲ್ಲಿ. ಅಲ್ಲಿ ಒಬ್ಬ ಮಾಲೀಕ ಇರುತ್ತಾನೆ. ಅವನನ್ನು ಒಂದು ಮಾತು ಕೇಳಿದರೆ ಇಡೀ ರಾತ್ರಿ ನಿಮ್ಮದು.

ಹ್ಯಾಮಕ್ ಎಂಬ ಹೆಸರು ಹೊಸದಿರಬಹುದು, ವಸ್ತು ನಮಗೆ ಹೊಸದಲ್ಲ. ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಸಿರುಗುಪ್ಪ, ಮಾನ್ವಿ ಕಡೆ ಹೊಲದ ಬದುವಿಗೆ ಹೋಗಿ ನೋಡಿ. ಬೇವಿನ ಮರದ ಕೊಂಬೆಗೆ ಹಳೆ ಸೀರೆ ಕಟ್ಟಿ ಕೂಸನ್ನು ಜೋಲಿಯಲ್ಲಿ ಮಲಗಿಸಿರುತ್ತಾರೆ. ತಾಯಿ ಎರಡು ಸಾಲು ಬಿಡಿಸಿ ಬಂದು ಒಮ್ಮೆ ತೂಗಿ ಹೋಗುತ್ತಾಳೆ. ಆಕೆ ಕೊಂಬೆ ಆರಿಸುವ ರೀತಿ ನೋಡಬೇಕು. ಮೊದಲು ಮೇಲೆ ನೋಡುತ್ತಾಳೆ, ಒಣಗಿದ ಟೊಂಗೆ ಇದೆಯಾ ಅಂತ. ಆಮೇಲೆ ಕೆಳಗೆ ನೋಡುತ್ತಾಳೆ, ಇರುವೆ ಗೂಡು ಇದೆಯಾ ಅಂತ. ಆಮೇಲೆ ಸೂರ್ಯನ ಕಡೆ ನೋಡಿ ನೆರಳು ಎತ್ತ ಸರಿಯುತ್ತದೆ ಅಂತ ಲೆಕ್ಕ ಹಾಕುತ್ತಾಳೆ. ನಾನು ಮೂವತ್ತು ವರ್ಷದಿಂದ ಗುಡ್ಡ ಸುತ್ತುತ್ತಿದ್ದೇನೆ. ಇದಕ್ಕಿಂತ ಒಳ್ಳೆಯ ಕ್ರಮ ನನಗೆ ಇನ್ನೂ ಸಿಕ್ಕಿಲ್ಲ. ಹಾಗಾಗಿ ಇಲ್ಲಿಂದ ಮುಂದೆ ನಾನೂ ಜೋಲಿ ಅಂತಲೇ ಕರೆಯುತ್ತೇನೆ.

ಈಗ ಮರದ ವಿಷಯ. ನಮ್ಮ ಕಡೆ ಇರುವ ದೊಡ್ಡ ತೊಂದರೆಗೆ ನಿಮ್ಮ ಊರಿನದೇ ಹೆಸರಿದೆ: ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದ ಈ ಮುಳ್ಳಿನ ಗಿಡ ಕೆರೆ ಅಂಗಳ, ಹಳ್ಳ, ಕಾಲುವೆ ದಂಡೆ, ಬೀಳು ಹೊಲ ಎಲ್ಲವನ್ನೂ ಹಿಡಿದಿದೆ. ಉಪಗ್ರಹ ಚಿತ್ರದಲ್ಲಿ ದಟ್ಟ ಹಸಿರು ಕಂಡು, ಆಹಾ ಕಾಡು ಅಂತ ಹೋದರೆ, ಹತ್ತರಲ್ಲಿ ಏಳು ಸಲ ಅದು ಜಾಲಿ ಪೊದೆ. ಬುಡದಿಂದಲೇ ಐದಾರು ಕವಲು ಒಡೆಯುತ್ತದೆ, ಯಾವುದೂ ತೊಡೆ ದಪ್ಪ ಇರುವುದಿಲ್ಲ. ಮುಳ್ಳು ಚಪ್ಪಲಿ ದಾಟಿ ಪಾದಕ್ಕೆ ಹೋಗುತ್ತದೆ, ಜೋಲಿಯ ತೆಳು ಬಟ್ಟೆ ಅದಕ್ಕೆ ಯಾವ ಲೆಕ್ಕ? ಅದನ್ನು ಬಿಟ್ಟುಬಿಡಿ.

ನನಗೆ ಇಷ್ಟವಾದ ಮರ ಹುಣಸೆ. ರಾತ್ರಿ ಹುಣಸೆ ಮರದ ಕೆಳಗೆ ಮಲಗಬಾರದು ಅಂತ ಹಳ್ಳಿಯಲ್ಲಿ ಹೇಳುತ್ತಾರೆ. ಆ ಮಾತಿಗೆ ಗೌರವ ಕೊಟ್ಟು ಮಾಲೀಕರನ್ನು ಕೇಳಿಯೇ ಕಟ್ಟಿ, ಯಾಕೆಂದರೆ ಕೆಲವು ಮರಗಳಿಗೆ ಪೂಜೆ ಇರುತ್ತದೆ. ಆದರೆ ಗಟ್ಟಿತನದಲ್ಲಿ ಹುಣಸೆಗೆ ಸಾಟಿ ಇಲ್ಲ. ಬೇವು, ಹೊಂಗೆ ಕೂಡ ಚೆನ್ನಾಗಿರುತ್ತವೆ. ನೀಲಗಿರಿ ಬೇಡ, ಗಾಳಿಗೆ ಟೊಂಗೆ ಉದುರಿಸುತ್ತದೆ. ತೆಂಗಿನ ತೋಟ ಎಷ್ಟೇ ಚೆಂದ ಕಂಡರೂ ಬೇಡ. ಆಲದ ಮರ ಹಣ್ಣು ಬಿಟ್ಟಿದ್ದರೆ ರಾತ್ರಿಯಿಡೀ ಬಾವಲಿಗಳ ಸಂತೆ, ಬೆಳಿಗ್ಗೆ ಜೋಲಿ ತೊಳೆಯಬೇಕು. ದೊಡ್ಡ ಆಲದಲ್ಲಿ ಹೆಜ್ಜೇನು ಕಟ್ಟಿರುವುದೂ ಉಂಟು. ಕತ್ತಲಲ್ಲಿ ಟಾರ್ಚ್ ಬಿಟ್ಟರೆ ಹೆಜ್ಜೇನು ಬೆಳಕಿಗೇ ನೇರ ಬರುತ್ತದೆ. ಅದಕ್ಕೇ ಹಗಲಲ್ಲಿ ಮರದ ನೆತ್ತಿಯವರೆಗೆ ಕಣ್ಣಾಡಿಸಬೇಕು ಅನ್ನೋದು.

ಎರಡು ಮರದ ನಡುವೆ 13ರಿಂದ 15 ಅಡಿ ಇರಲಿ. ಕಾಂಡ ಕನಿಷ್ಠ ನಿಮ್ಮ ತೊಡೆಯಷ್ಟು ದಪ್ಪ ಇರಲಿ. ಜೋಲಿಯನ್ನು ಮರಕ್ಕೆ ಬಿಗಿಯುವ ಬಟ್ಟೆಯ ಪಟ್ಟಿಯನ್ನು ಸುಮಾರು ಆರು ಅಡಿ ಎತ್ತರಕ್ಕೆ ಕಟ್ಟಿ. ನೀವು ಕೂತಾಗ ಜೋಲಿ ನೆಲದಿಂದ ಒಂದೂವರೆ ಅಡಿ ಮೇಲಿದ್ದರೆ ಸಾಕು, ಬಿದ್ದರೂ ಸೊಂಟ ಉಳಿಯುತ್ತದೆ.

ಹೊಸಬರು ಮಾಡುವ ತಪ್ಪು ಒಂದೇ, ಜೋಲಿಯನ್ನು ಬಿಗಿಯಾಗಿ ಎಳೆದು ಕಟ್ಟುವುದು. ಬಿಗಿ ಇದ್ದರೆ ಹಾಸಿಗೆಯ ಹಾಗೆ ಸಪಾಟಾಗಿರುತ್ತದೆ ಅಂದುಕೊಳ್ಳುತ್ತಾರೆ. ಲೆಕ್ಕ ನೋಡಿ. ಪಟ್ಟಿ ನೆಲದ ಮಟ್ಟಕ್ಕೆ 30 ಡಿಗ್ರಿ ಓರೆಯಾಗಿದ್ದರೆ, 70 ಕೆಜಿ ತೂಕದ ಮನುಷ್ಯ ಮಲಗಿದಾಗ ಒಂದೊಂದು ಪಟ್ಟಿಯ ಮೇಲೆ ಸುಮಾರು 70 ಕೆಜಿಯಷ್ಟೇ ಎಳೆತ. ಅದನ್ನೇ 10 ಡಿಗ್ರಿಗೆ ಬಿಗಿ ಮಾಡಿದರೆ ಒಂದೊಂದು ಪಟ್ಟಿಯ ಮೇಲೆ 200 ಕೆಜಿ ಬೀಳುತ್ತದೆ. ಮನುಷ್ಯ ಅವನೇ, ಮರ ಅದೇ, ಎಳೆತ ಮಾತ್ರ ಮೂರು ಪಟ್ಟು. ಹಗ್ಗ ಹರಿಯುವುದು, ಎಳೆ ಮರ ಬಾಗುವುದು ಇದರಿಂದಲೇ. 30 ಡಿಗ್ರಿ ಅಳೆಯಲು ಬಲಗೈಯ ಹೆಬ್ಬೆರಳನ್ನು ನೆಟ್ಟಗೆ ಮೇಲಕ್ಕೆ, ತೋರುಬೆರಳನ್ನು ನೆಟ್ಟಗೆ ಮುಂದಕ್ಕೆ ಚಾಚಿ. ಎರಡು ಬೆರಳ ತುದಿಗೆ ಒಂದು ಗೆರೆ ಎಳೆದ ಹಾಗೆ ಊಹಿಸಿಕೊಳ್ಳಿ. ಆ ಗೆರೆಯ ಇಳಿಜಾರೇ ನಿಮ್ಮ ಪಟ್ಟಿಯ ಇಳಿಜಾರು. ಸಡಿಲವಾಗಿ ಕಟ್ಟಿದ ಜೋಲಿಯಲ್ಲಿ ಮಧ್ಯಕ್ಕೆ ನೇರ ಮಲಗದೆ ಸ್ವಲ್ಪ ಓರೆಯಾಗಿ ಮಲಗಿ. ತಲೆ ಒಂದು ಅಂಚಿಗೆ, ಕಾಲು ಇನ್ನೊಂದು ಅಂಚಿಗೆ. ಬೆನ್ನು ತಾನಾಗಿ ನೇರವಾಗುತ್ತದೆ.

ಹಗ್ಗ ಕಟ್ಟಬೇಡಿ, ಪಟ್ಟಿ ಕಟ್ಟಿ. ಒಂದು ಇಂಚಿಗಿಂತ ಕಡಿಮೆ ಅಗಲ ಇರಬಾರದು, ಎರಡು ಇಂಚು ಇದ್ದರೆ ಇನ್ನೂ ಒಳ್ಳೆಯದು. ಇದನ್ನು ನಾನು ಕಲಿತದ್ದು ಕುಷ್ಟಗಿ ಕಡೆಯ ಒಂದು ಹೊಲದಲ್ಲಿ. ಆಗ ನನ್ನ ಹತ್ತಿರ ಪಟ್ಟಿ ಇರಲಿಲ್ಲ, ನೈಲಾನ್ ಹಗ್ಗ ಇತ್ತು. ಬೇವಿಗೆ ಕಟ್ಟಿ ಮಲಗಿ, ಬೆಳಿಗ್ಗೆ ಬಿಚ್ಚುವಾಗ ಹೊಲದ ಅಜ್ಜಿ ಬಂದರು. ಏನೂ ಮಾತಾಡಲಿಲ್ಲ. ಹಗ್ಗ ಕೂತಿದ್ದ ಕಡೆ ತೊಗಟೆ ಸೀಳಿ ಹಸಿ ಗೆರೆ ಬಿದ್ದಿತ್ತು. ಅಜ್ಜಿ ತೋರುಬೆರಳನ್ನು ಆ ಗೆರೆಯೊಳಗೆ ಇಟ್ಟು, ಮರದ ಸುತ್ತ ನಿಧಾನಕ್ಕೆ ಒಂದು ಸುತ್ತು ಬಂದರು. ಬೆರಳ ತುದಿಗೆ ಒದ್ದೆ ಹತ್ತಿತ್ತು. ಅದನ್ನು ಸೆರಗಿಗೆ ಒರೆಸಿಕೊಂಡು, "ಇದರ ನೆಳ್ಳಾಗ ನನ್ನ ನಾಕೂ ಮಕ್ಳು ಬೆಳದಾವು" ಅಂದರು. ನನಗೆ ತಲೆ ಎತ್ತಲು ಆಗಲಿಲ್ಲ. ವರ್ಷ ಬಿಟ್ಟು ಹೋದಾಗಲೂ ಆ ಗೆರೆಯಲ್ಲಿ ಅಂಟು ಹೆಪ್ಪುಗಟ್ಟಿ ನಿಂತಿತ್ತು. ಪಟ್ಟಿ ಜೊತೆಗೆ ಒಂದು ತುಂಡು ಗೋಣಿಚೀಲವನ್ನೂ ಇಟ್ಟುಕೊಳ್ಳಿ. ಎಳೆ ತೊಗಟೆಯ ಮರಕ್ಕೆ ಮೊದಲು ಗೋಣಿ ಸುತ್ತಿ, ಅದರ ಮೇಲೆ ಪಟ್ಟಿ ಹಾಕಿ. ಮೊಳೆ, ಕೊಕ್ಕೆ ಯಾವುದನ್ನೂ ಮರಕ್ಕೆ ಹೊಡೆಯಬೇಡಿ.

ಜಾಗ ಹುಡುಕುವ ಕೆಲಸ ಮನೆಯಲ್ಲೇ ಶುರುವಾಗುತ್ತದೆ. ಗೂಗಲ್ ಅರ್ಥ್‌ನಲ್ಲಿ ಹಳೆಯ ಚಿತ್ರಗಳನ್ನು ನೋಡುವ ಸೌಲಭ್ಯ ಇದೆ. ಏಪ್ರಿಲ್ ಅಥವಾ ಮೇ ತಿಂಗಳ ಚಿತ್ರ ತೆಗೆಯಿರಿ. ಮಳೆಗಾಲದ ಚಿತ್ರದಲ್ಲಿ ಎಲ್ಲವೂ ಹಸಿರು, ಅದರಿಂದ ಏನೂ ಗೊತ್ತಾಗುವುದಿಲ್ಲ. ನಮ್ಮ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಮೇಲೂ ದುಂಡಗೆ ಹಸಿರಾಗಿ ಕಾಣುವ ಚುಕ್ಕಿಗಳಿದ್ದರೆ ಅವು ಬೇರು ಆಳಕ್ಕೆ ಹೋದ ದೊಡ್ಡ ಮರಗಳು. ಒಂದೊಂದಾಗಿ ಬಿಡಿಬಿಡಿಯಾಗಿ ಕಂಡರೆ ಬೇವು, ಹುಣಸೆ, ಮಾವು ಇರಬಹುದು. ಕಂಬಳಿ ಹಾಸಿದ ಹಾಗೆ ಒಂದೇ ಸಮ ಕಂಡರೆ ಬಹುತೇಕ ಜಾಲಿ.

ಆಮೇಲೆ ಆ ಜಾಗ ಯಾರದ್ದು ಅಂತ ತಿಳಿಯಬೇಕು. ಇದಕ್ಕೆ ನಮ್ಮ ರಾಜ್ಯದಲ್ಲಿ ಬಹಳ ಅನುಕೂಲ ಇದೆ. ದಿಶಾಂಕ್ ಆ್ಯಪ್ ತೆರೆದು ನಕ್ಷೆಯಲ್ಲಿ ಬೆರಳಿಟ್ಟರೆ ಸರ್ವೆ ನಂಬರ್ ಬರುತ್ತದೆ. ಆ ನಂಬರ್ ಹಾಕಿ ಭೂಮಿ ವೆಬ್‌ಸೈಟ್‌ನಲ್ಲಿ ಪಹಣಿ ನೋಡಿದರೆ ಖಾಸಗಿ ಹೊಲವೋ, ಗೋಮಾಳವೋ, ಅರಣ್ಯವೋ ತಿಳಿಯುತ್ತದೆ. ಸಂಡೂರು ಭಾಗದಲ್ಲಂತೂ ಇದನ್ನು ಮಾಡದೆ ಹೊರಡಲೇಬೇಡಿ. ಅಲ್ಲಿ ಅರಣ್ಯ, ಗಣಿ ಗುತ್ತಿಗೆ, ರೈತರ ಹೊಲ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿವೆ.

ಮೂರನೆಯದು, ಹಗಲಿನ ಭೇಟಿ. ಮಲಗುವ ದಿನಕ್ಕೆ ಒಂದು ವಾರ ಮೊದಲು ಸಂಜೆ ನಾಲ್ಕಕ್ಕೆ ಹೋಗಿ, ಕತ್ತಲಾಗುವ ತನಕ ಸುಮ್ನೆ ಕೂತು ನೋಡಿ. ಕುರಿ ಯಾವ ದಾರಿಯಲ್ಲಿ ಮನೆಗೆ ಹೋಗುತ್ತದೆ? ಬೈಕ್ ಬರುತ್ತದಾ? ನೆಲದಲ್ಲಿ ಒಡೆದ ಬಾಟಲಿ, ಇಸ್ಪೀಟ್ ಎಲೆ, ಪ್ಲಾಸ್ಟಿಕ್ ಲೋಟ ಬಿದ್ದಿದ್ದರೆ ಅದು ಶನಿವಾರ ರಾತ್ರಿ ಕುಡಿಯುವವರ ಜಾಗ, ಎದ್ದು ಬನ್ನಿ. ಹುತ್ತ ಅಗೆದು ಗುಂಡಿ ಬಿದ್ದಿದ್ದರೆ, ಬೀಜ ತುಂಬಿದ ದೊಡ್ಡ ಲದ್ದಿ ಕಂಡರೆ ಕರಡಿ ಅಲ್ಲಿ ಓಡಾಡುತ್ತಿದೆ ಅಂತ ಅರ್ಥ. ಆಗಲೂ ಎದ್ದು ಬನ್ನಿ.

ಕರಡಿ ಭಯ ನಿಜವಾ ಅಂತ ಕೇಳಿದ್ದೀರಿ. ನಿಜ. ಮನೆಯವರು ಸುಮ್ನೆ ಹೆದರಿಸುತ್ತಿಲ್ಲ. 1994ರಲ್ಲಿ ದರೋಜಿ ಕರಡಿಧಾಮ ಆದದ್ದೇ ಈ ಭಾಗದ ಬಂಡೆ ಗುಡ್ಡಗಳಲ್ಲಿ ಕರಡಿ ಜಾಸ್ತಿ ಇರುವುದಕ್ಕೆ. ಕರಡಿ ಹಗಲು ಬಂಡೆಗಳ ನಡುವಿನ ಗವಿಯಲ್ಲಿ ಮಲಗಿ, ಸಂಜೆ ಇಳಿದು, ಬೆಳಗಿನ ಜಾವ ಹತ್ತುತ್ತದೆ. ಅದಕ್ಕೆ ಕಣ್ಣು ಮಂದ, ಮೂಗು ಬಹಳ ಚುರುಕು. ಎದುರಿಗೆ ಹಠಾತ್ತನೆ ಮನುಷ್ಯ ಸಿಕ್ಕರೆ ಗಾಬರಿಯಿಂದ ಮೇಲೆ ಬೀಳುತ್ತದೆ. ಹಾಗಾಗಿ ಬಂಡೆ ರಾಶಿಯ ಬುಡದಲ್ಲಿ, ಗವಿ ಕಾಣುವ ಕಡೆ, ಗುಡ್ಡದಿಂದ ನೀರಿಗೆ ಇಳಿಯುವ ದಾರಿಯಲ್ಲಿ ಜೋಲಿ ಕಟ್ಟಬಾರದು. ಒಂದೂವರೆ ಅಡಿ ಎತ್ತರದಲ್ಲಿ ತೂಗುವ ಬಟ್ಟೆ ಕರಡಿಗೆ ಅಡ್ಡಿಯೇನೂ ಅಲ್ಲ.

ಊಟದ ವಿಷಯವೂ ಇಲ್ಲೇ ಬರುತ್ತದೆ. ದರೋಜಿಯಲ್ಲಿ ಪ್ರವಾಸಿಗರಿಗೆ ಕರಡಿ ತೋರಿಸಲು ಮಧ್ಯಾಹ್ನ ಬಂಡೆಗೆ ಬೆಲ್ಲದ ಪಾಕ ಸವರುತ್ತಾರೆ. ಆ ವಾಸನೆಗೆ ಕರಡಿಗಳು ಇಳಿದು ಬರುತ್ತವೆ. ನಿಮ್ಮ ಚೀಲದಲ್ಲಿ ಶೇಂಗಾ ಹೋಳಿಗೆಯೋ ಚಿಕ್ಕಿಯೋ ಇದ್ದರೆ ನೀವೂ ಅದೇ ಕೆಲಸ ಮಾಡಿದ ಹಾಗಾಯಿತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ಸಾಕು. ಅದನ್ನೂ ಕತ್ತಲಾಗುವ ಮೊದಲೇ, ಜೋಲಿಯಿಂದ ದೂರ ಕೂತು ತಿಂದು ಮುಗಿಸಿ. ಹಣ್ಣಿನ ಸಿಪ್ಪೆ ಕೂಡ ಅಲ್ಲಿ ಬಿಡಬೇಡಿ.

ಚಿರತೆ ಮೂರೂ ಜಿಲ್ಲೆಯಲ್ಲಿದೆ. ಕುರಿದೊಡ್ಡಿ, ನಾಯಿ ಇರುವ ಕಡೆಗೇ ಅದರ ಗಮನ, ಹಾಗಾಗಿ ದೊಡ್ಡಿಯ ಪಕ್ಕ ಮಲಗಬೇಡಿ. ತೋಳದ ಬಗ್ಗೆ ನನಗೆ ಚಿಂತೆ ಇಲ್ಲ. ಕೊಪ್ಪಳದ ಬಯಲಿನಲ್ಲಿ ತೋಳಗಳು ಉಳಿದಿರುವುದು ನಮ್ಮ ಭಾಗ್ಯ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಅವುಗಳಿಗೇ ಅಂತ ಧಾಮ ಆಗಿದೆ, ಆ ಜಾಗವನ್ನು ಅವುಗಳಿಗೇ ಬಿಡೋಣ.

ಹಾವು, ಚೇಳಿನ ವಿಷಯದಲ್ಲಿ ಜೋಲಿ ನಿಮ್ಮ ಪರ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಟ್ಟುಹಾವು ಕಚ್ಚುವುದು ನಮ್ಮ ಹಳ್ಳಿಗಳಲ್ಲಿ ಹಳೆ ಕತೆ. ಕಚ್ಚಿದ್ದು ನೋವೂ ಆಗದೆ ಬೆಳಗಾಗುವಷ್ಟರಲ್ಲಿ ಉಸಿರು ಕಟ್ಟುತ್ತದೆ. ನೆಲ ಬಿಟ್ಟು ಮೇಲೆ ಮಲಗಿದರೆ ಆ ಅಪಾಯ ಬಹಳ ಕಡಿಮೆ. ಅಪಾಯ ಇರುವುದು ಇಳಿಯುವಾಗ. ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆ ಅಂತ ಕತ್ತಲಲ್ಲಿ ಬರಿಗಾಲು ನೆಲಕ್ಕೆ ಇಡುತ್ತೀರಲ್ಲ, ಆಗ. ಶೂಗಳನ್ನು ನೆಲದಲ್ಲಿ ಬಿಡದೆ ಪಟ್ಟಿಗೆ ತಲೆಕೆಳಗಾಗಿ ನೇತುಹಾಕಿ. ಹಾಕಿಕೊಳ್ಳುವ ಮೊದಲು ಕೊಡವಿ. ಟಾರ್ಚ್ ಹಚ್ಚಿ ನೆಲ ನೋಡಿ, ಆಮೇಲೆ ಕಾಲಿಡಿ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಾಲು ಅಲುಗದ ಹಾಗೆ ಇಟ್ಟು 108ಕ್ಕೆ ಫೋನ್ ಮಾಡಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅದಕ್ಕೇ ಫೋನ್ ಸಿಗ್ನಲ್ ಇಲ್ಲದ ಜಾಗಕ್ಕೆ ಒಬ್ಬರೇ ಹೋಗಬೇಡಿ ಅನ್ನುವುದು.

ಸೊಳ್ಳೆಯನ್ನು ಜನ ಲೆಕ್ಕಕ್ಕೇ ಇಡುವುದಿಲ್ಲ, ಇಡಬೇಕು. ಗಂಗಾವತಿ, ಸಿಂಧನೂರು, ಸಿರುಗುಪ್ಪ, ಕಾರಟಗಿ ಎಲ್ಲ ಭತ್ತದ ಗದ್ದೆ. ನಿಂತ ನೀರಿನ ಸೊಳ್ಳೆಯಿಂದ ಮೆದುಳು ಜ್ವರ ಹರಡುವ ಭಾಗ ಇದು. ಜೋಲಿಗೆ ಬಲೆ ಬೇಕೇ ಬೇಕು. ಮೇಲೆ ಬಲೆ ಇದ್ದರೂ, ಬೆನ್ನು ಒತ್ತಿಕೊಂಡಿರುವ ಕಡೆ ತೆಳು ಬಟ್ಟೆಯ ಮೂಲಕವೇ ಕೆಳಗಿನಿಂದ ಕಚ್ಚುತ್ತವೆ. ಇದಕ್ಕೂ ಚಳಿಗೂ ಸೇರಿ ಒಂದೇ ಉಪಾಯ ಇದೆ, ಕೌದಿ.

ನಮ್ಮ ಕಡೆ ಚಳಿ ಎಲ್ಲಿದೆ ಅಂತ ನಗಬೇಡಿ. ಜೋಲಿಯಲ್ಲಿ ಗಾಳಿ ಕೆಳಗಿನಿಂದಲೂ ಹಾಯುತ್ತದೆ. ಡಿಸೆಂಬರ್‌ನ 15-16 ಡಿಗ್ರಿಗೇ ಬೆನ್ನು ಕೊರೆಯಲು ಶುರುವಾಗುತ್ತದೆ, ಸಂಡೂರಿನ ಎತ್ತರದಲ್ಲಿ ಇನ್ನೂ ಜಾಸ್ತಿ. ಕೌದಿಯನ್ನು ಜೋಲಿಯೊಳಗೆ ಹಾಸಿಕೊಂಡರೆ ಅರ್ಧ ಪ್ರಯೋಜನ ಮಾತ್ರ, ಯಾಕೆಂದರೆ ನಿಮ್ಮ ಭಾರಕ್ಕೆ ಅದು ಅಪ್ಪಚ್ಚಿಯಾಗಿ ಒಳಗಿನ ಗಾಳಿ ಹೊರಗೆ ಹೋಗುತ್ತದೆ. ಬೆಚ್ಚಗಿಡುವುದು ಆ ಗಾಳಿಯೇ. ಕೌದಿಯ ನಾಲ್ಕು ಮೂಲೆಗೆ ಲಾಡಿ ಹೊಲಿಸಿ, ಜೋಲಿಯ ಕೆಳಗೆ ಅದಕ್ಕೆ ತಾಗಿಯೂ ತಾಗದ ಹಾಗೆ ಇಳಿಬಿಡಿ. ನನ್ನ ತಾಯಿ ಹೊಲಿದ ಕೌದಿ ಹಾಗೇ ಹನ್ನೆರಡು ಚಳಿಗಾಲ ಕಂಡಿದೆ. ಮೇಲೆ ಹೊದೆಯಲು ಕುರಿ ಕಂಬಳಿ. ಇಬ್ಬನಿ ಬೀಳುವ ದಿನಗಳಲ್ಲಿ ಮೇಲೊಂದು ಟಾರ್ಪಾಲ್ ಕಟ್ಟಿ. ಪಟ್ಟಿ ಜೋಲಿಗೆ ಸೇರುವ ಕಡೆ ಒಂದು ದಾರದ ತುಂಡು ಕಟ್ಟಿ ಇಳಿಬಿಟ್ಟರೆ, ಮರದಿಂದ ಇಳಿಯುವ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಜೋಲಿಗೆ ಬರುವುದಿಲ್ಲ.

ಋತು ಅಂದರೆ ನವೆಂಬರ್ ಮಧ್ಯದಿಂದ ಫೆಬ್ರವರಿ ಮೊದಲ ವಾರದ ತನಕ. ಆಮೇಲೆ ಎಲೆ ಉದುರಿ ಗುಡ್ಡ ಬೋಳಾಗುತ್ತದೆ, ಬೆಂಕಿಯ ಕಾಲ ಶುರು. ಏಪ್ರಿಲ್, ಮೇನಲ್ಲಿ ಸಂಜೆ ಗುಡುಗು ಮಳೆ ಬಂದರೆ ಮರಕ್ಕೆ ಕಟ್ಟಿಕೊಂಡ ಮನುಷ್ಯನಿಗೆ ಸಿಡಿಲಿನ ಅಪಾಯ. ಬೆಂಕಿ ಯಾವ ಕಾಲದಲ್ಲೂ ಹಾಕಬೇಡಿ, ಚಹಾಕ್ಕೂ ಬೇಡ. ಫ್ಲಾಸ್ಕ್ ಒಯ್ಯಿರಿ.

ಈಗ ನೀವು ಹೆಸರಿಸಿದ ಜಾಗಗಳು. ಸಂಡೂರಿನ ಬೆಟ್ಟಗಳು ನಮ್ಮ ಪಾಲಿಗೆ ಮಲೆನಾಡು. ದಿಂಡಿಗ, ಕಕ್ಕೆ, ಶ್ರೀಗಂಧ, ಮಳೆ ನಿಂತ ಮೇಲೆ ಮಂಜು. ಕುಮಾರಸ್ವಾಮಿ ದೇವಸ್ಥಾನದ ಕಡೆ, ಒಂದು ಕಾಲಕ್ಕೆ ಬ್ರಿಟಿಷರು ತಂಪಿಗೆ ಅಂತ ಬಂದಿರುತ್ತಿದ್ದ ರಾಮನದುರ್ಗದ ಕಡೆ ಹಗಲು ಓಡಾಡಿ ಬನ್ನಿ. ಎಲ್ಲಿ ಹೋಗಬಹುದು ಅಂತ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ. ರಾತ್ರಿ ಮಾತ್ರ ಬೇಡ. ಶ್ರೀಗಂಧದ ಕಾಡಿನಲ್ಲಿ ಕತ್ತಲಲ್ಲಿ ಹಗ್ಗ, ಟಾರ್ಚ್ ಹಿಡಿದು ಸಿಕ್ಕವರನ್ನು ಕಾವಲುಗಾರರು ಏನೆಂದು ತಿಳಿಯಬೇಕು ಹೇಳಿ? ಅದರ ಮೇಲೆ ಗಣಿಗಳು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಎಷ್ಟೋ ಗುಂಡಿಗಳು ಹಾಗೇ ಉಳಿದವು, ಕೆಲವು ಗಣಿ ಮತ್ತೆ ಶುರುವಾದವು. ಕತ್ತಲಲ್ಲಿ ಗುಂಡಿಯ ಅಂಚು ಕಾಣುವುದಿಲ್ಲ. ಬೆಟ್ಟದ ಬುಡದ ಹಳ್ಳಿಗಳಲ್ಲಿ ರೈತರ ಹುಣಸೆ, ಮಾವಿನ ಮರಗಳಿವೆ. ಜೋಲಿಗೆ ಅವೇ ಸರಿ.

ಆನೆಗೊಂದಿ ಕಡೆ ಬಂಡೆಗಳು ಎಷ್ಟು ಚೆಂದವೋ ಅಷ್ಟೇ ಕರಡಿ, ಚಿರತೆಗಳ ಮನೆ. ನದಿಯಲ್ಲಿ ಮೊಸಳೆ ಇದೆ. ಮುದ್ಲಾಪುರದಿಂದ ಕಂಪ್ಲಿ ತನಕ 34 ಕಿಲೋಮೀಟರ್ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಮಾಡಿದ್ದಾರೆ, ಆ ದಂಡೆಯಲ್ಲಿ ಬಿಡಾರ ಹೂಡಬೇಡಿ. ಹೊಳೆಯ ನಡುಗಡ್ಡೆಗಳಲ್ಲಂತೂ ಮಲಗಲೇಬಾರದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದದ್ದು ನೆನಪಿದೆಯಲ್ಲ? ಕೆಳಗೆ ಇದ್ದವರಿಗೆ ಅಂಥದ್ದು ಹೇಳಿ ಬರುವುದಿಲ್ಲ. ಲಿಂಗಸುಗೂರು ಕಡೆ ಕೃಷ್ಣೆಯ ನಡುಗಡ್ಡೆಗಳಿಗೂ ಇದೇ ಮಾತು, ಮೇಲಿನ ನಾರಾಯಣಪುರದಿಂದ ನೀರು ಬಿಟ್ಟರೆ ದಾರಿ ಮುಚ್ಚುತ್ತದೆ.

ಮನುಷ್ಯರ ಭಯದ ಮಾತನ್ನೂ ಆಡಬೇಕು. 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆ ಹತ್ತಿರ ರಾತ್ರಿ ಕೂತಿದ್ದ ಪ್ರವಾಸಿಗರ ಮೇಲೆ ದಾಳಿ ನಡೆಯಿತು. ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಆಯಿತು, ಕಾಲುವೆಗೆ ತಳ್ಳಿದವರಲ್ಲಿ ಒಬ್ಬರು ತೀರಿಕೊಂಡರು. ನಮ್ಮ ನೆಲದಲ್ಲಿ ಅದು ಆಯಿತಲ್ಲ ಅಂತ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಅದಕ್ಕೇ ರಸ್ತೆ, ಕಾಲುವೆ ಪಕ್ಕದ ತೆರೆದ ಜಾಗ ಬೇಡ ಅನ್ನುತ್ತೇನೆ. ಬೇಲಿ ಇರುವ, ಮಾಲೀಕರ ಮನೆಯಿಂದ ಕೂಗಿದರೆ ಕೇಳುವ ತೋಟ ಬೇಕು. ಮೊದಲ ಕೆಲವು ರಾತ್ರಿ ಜೊತೆಗೊಬ್ಬರು ಇರಲಿ. 112 ಫೋನ್‌ನಲ್ಲಿ ಸುಲಭಕ್ಕೆ ಸಿಗುವ ಹಾಗೆ ಇಟ್ಟುಕೊಳ್ಳಿ.

ಹಿರೇಬೆಣಕಲ್ ಗುಡ್ಡದ ಕಲ್ಲಿನ ಮನೆಗಳ ನಡುವೆ ಮಲಗುವ ಆಸೆ ಎಷ್ಟೋ ಜನ ನನ್ನ ಹತ್ತಿರ ಹೇಳಿದ್ದಾರೆ. ಎರಡು ಸಾವಿರ ವರ್ಷಕ್ಕೂ ಹಳೆಯ ಸಮಾಧಿಗಳು ಅವು. ಹಗಲು ನೋಡಿ, ಸಂಜೆಗೆ ಮೊದಲು ಇಳಿದುಬಿಡಿ. ಅಲ್ಲಿ ಜೋಲಿ ಕಟ್ಟುವಂಥ ಮರವೂ ಇಲ್ಲ.

ಹಳೆ ಜಾಗಗಳ ವಿಷಯ ಬಂದಾಗ ನನಗೆ ಆದದ್ದನ್ನು ಹೇಳಲೇಬೇಕು. ಹದಿನೈದು ವರ್ಷದ ಹಿಂದೆ ಕೊಪ್ಪಳ ಜಿಲ್ಲೆಯ ಒಂದು ಗುಡ್ಡದ ಬುಡದಲ್ಲಿ, ಪಾಳು ಗುಡಿಯೊಂದರಿಂದ ಕೂಗಳತೆ ದೂರದಲ್ಲಿ ಜೋಲಿ ಕಟ್ಟಿದ್ದೆ. ಮಾಲೀಕರನ್ನು ಕೇಳಿರಲಿಲ್ಲ. ಬೀಳು ಭೂಮಿ, ಯಾರು ಬರುತ್ತಾರೆ ಅಂದುಕೊಂಡಿದ್ದೆ. ರಾತ್ರಿ ಹನ್ನೊಂದರ ಹೊತ್ತಿಗೆ ಟಿಟ್ಟಿಭ ಹಕ್ಕಿ ಕೂಗತೊಡಗಿತು. ನಿಲ್ಲಿಸಲೇ ಇಲ್ಲ. ಕತ್ತಲಲ್ಲಿ ಯಾರಾದರೂ ನಡೆದು ಬಂದರೆ ಅದು ಹಾಗೇ ಕೂಗುತ್ತದೆ. ಆಮೇಲೆ ಟಾರ್ಚ್ ಬೆಳಕು ಕಂಡಿತು, ಎಂಟು ಹತ್ತು ಜನ, ಕೈಯಲ್ಲಿ ಬಡಿಗೆ. ಒಬ್ಬರು ನನ್ನ ಚೀಲ ಸುರಿದರು. ಹಗ್ಗ, ಟಾರ್ಚ್, ಒಂದು ಸಣ್ಣ ಕುರ್ಪಿ ಬಿತ್ತು. ಬೆಳಿಗ್ಗೆ ಬಯಲಿಗೆ ಹೋದಾಗ ಗುಂಡಿ ತೋಡಿ ಮುಚ್ಚಲು ಅಂತ ಇಟ್ಟುಕೊಂಡಿದ್ದ ಕುರ್ಪಿ ಅದು. ಅದನ್ನು ಎತ್ತಿ ಹಿಡಿದು, "ಏನ್ ಅಗ್ಯಾಕ ಬಂದೀಯಪಾ?" ಅಂದರು. ಆಗ ನನಗೆ ಹೊಳೆಯಿತು, ನಿಧಿಗಳ್ಳ ಅಂದುಕೊಂಡಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದೇ. ನಿಧಿ ಆಸೆಗೆ ಈ ಭಾಗದಲ್ಲಿ ಎಷ್ಟೋ ಗುಡಿಗಳ ಲಿಂಗ ಕಿತ್ತಿದ್ದಾರೆ, ಮೂರ್ತಿ ಒಡೆದಿದ್ದಾರೆ.

ನನ್ನ ಬಾಯಿ ಒಣಗಿತ್ತು. ಏನು ಹೇಳಿದರೂ ಸುಳ್ಳಿನ ಹಾಗೆ ಕೇಳುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಕುರಿಗಾರ ಮುಂದೆ ಬಂದು ಟಾರ್ಚ್‌ನಲ್ಲಿ ನನ್ನ ಮುಖ ನೋಡಿದ. "ಇವ್ರು ಸಂಜಿಕ ನನ್ ಹತ್ರ ಮಜ್ಜಿಗಿ ಕುಡದ್ರು. ಮರಕ್ಕ ಜೋಲಿ ಕಟ್ಟಿ ಮಕ್ಕೋತೀನಿ ಅಂತ ಹೇಳ್ಯಾರ" ಅಂದ. ಅಷ್ಟೇ. ಬಡಿಗೆಗಳು ಕೆಳಗಿಳಿದವು. ಒಬ್ಬರು ಜೋಲಿಯಲ್ಲಿ ಕೂತು ನೋಡಿದರು. ಸಂಜೆ ಆ ಮಜ್ಜಿಗೆಗೆ ಅಂತ ಹಟ್ಟಿ ಹತ್ತಿರ ನಿಲ್ಲದಿದ್ದರೆ ಆ ರಾತ್ರಿ ಹೇಗೆ ಮುಗಿಯುತ್ತಿತ್ತೋ. ಅಂದಿನಿಂದ ಎಲ್ಲಿಗೆ ಹೋದರೂ ಮೂರು ಕಡೆ ಹೇಳುತ್ತೇನೆ. ಹೊಲದ ಮಾಲೀಕರಿಗೆ, ಹತ್ತಿರದ ಹಟ್ಟಿಗೆ ಅಥವಾ ಚಹಾದ ಅಂಗಡಿಗೆ, ಮನೆಗೆ. ಪಾಳು ಗುಡಿ, ಕೋಟೆ, ಶಾಸನದ ಕಲ್ಲು ಇರುವ ಕಡೆ ಮಲಗುವುದನ್ನು ಬಿಟ್ಟಿದ್ದೇನೆ. ಮಸ್ಕಿ, ಮುದಗಲ್ ಕಡೆ ಹೋದಾಗ ನೀವೂ ಇದನ್ನು ಪಾಲಿಸಿ.

ಒಬ್ಬರಿಗೆ ಹೇಳಿದರೆ ಏಕಾಂತ ಹಾಳಾಗುತ್ತದೆ ಅಂತ ನಿಮಗೆ ಅನಿಸಬಹುದು. ನನ್ನ ಅನುಭವ ಬೇರೆ. ಕದ್ದು ಮಲಗಿದ ರಾತ್ರಿಗಳಲ್ಲಿ ಒಣ ಎಲೆ ಸರಿದರೂ ಎದ್ದು ಕೂರುತ್ತಿದ್ದೆ. ಕೇಳಿ ಮಲಗಿದ ರಾತ್ರಿಗಳಲ್ಲಿ ನಿದ್ದೆ ಬರುತ್ತದೆ. ಗೂಬೆ ಕೂಗಿದರೆ ಗೂಬೆಯನ್ನು ಕೇಳಲು ಮನಸ್ಸಿರುತ್ತದೆ.

ನಿಮ್ಮ ಮೊದಲ ರಾತ್ರಿಗೆ ನಾನು ಹೇಳುವುದು ಕೊಪ್ಪಳ ಜಿಲ್ಲೆಯ ಮಾವಿನ ತೋಟ. ಕುಷ್ಟಗಿ, ಕನಕಗಿರಿ ಸುತ್ತ ಬೇಕಾದಷ್ಟಿವೆ. ಮರಗಳು ಸಾಲಾಗಿರುವುದರಿಂದ ಅಳತೆಗೆ ಸರಿಯಾದ ಜೋಡಿ ಸಿಕ್ಕೇ ಸಿಗುತ್ತದೆ. ಹಳೆ ತೋಟ ಆರಿಸಿ, ಎಳೆ ಮರಗಳು ನಿಮ್ಮ ಭಾರ ತಡೆಯುವುದಿಲ್ಲ. ಮಾಲೀಕರನ್ನು ತಪ್ಪದೆ ಒಂದು ಪ್ರಶ್ನೆ ಕೇಳಿ: ಔಷಧಿ ಹೊಡೆದು ಎಷ್ಟು ದಿನ ಆಯಿತು? ಡಿಸೆಂಬರ್, ಜನವರಿಯಲ್ಲಿ ಹೂ ಬಿಡುವಾಗ ಜಿಗಿಹುಳುವಿಗೆ ಔಷಧಿ ಹೊಡೆಯುತ್ತಾರೆ. ಹೊಡೆದ ವಾರದಲ್ಲಿ ಆ ಮರದ ಕೆಳಗೆ ಮಲಗಬಾರದು. ನವೆಂಬರ್ ಕೊನೆಯಲ್ಲಿ ಹೋದರೆ ಆ ತಾಪತ್ರಯ ಬಹುತೇಕ ಇರುವುದಿಲ್ಲ. ಪಟ್ಟಿಯ ಮೇಲೆ ಕೆಂಪಿರುವೆ ಸಾಲು ಬಂದರೆ, ಬೇವಿನೆಣ್ಣೆಯಲ್ಲಿ ಅದ್ದಿದ ನೂಲನ್ನು ಪಟ್ಟಿಗೆ ಎರಡು ಸುತ್ತು ಕಟ್ಟಿ. ಹುಣ್ಣಿಮೆಯ ಆಚೀಚೆ ದಿನ ನೋಡಿಕೊಂಡರೆ ಟಾರ್ಚ್ ಹೆಚ್ಚು ಬೇಕಾಗುವುದಿಲ್ಲ.

ಬೆಳಿಗ್ಗೆ ಪಟ್ಟಿ ಬಿಚ್ಚಿದ ಮೇಲೆ ಎರಡೂ ಮರದ ತೊಗಟೆಯ ಮೇಲೆ ಕೈಯಾಡಿಸಿ ನೋಡಿ. ಆಮೇಲೆ ತೋಟದವರ ಮನೆಗೆ ಹೋಗಿ, ಹೊರಟೆ ಅಂತ ಹೇಳಿ. ಚಹಾ ಕುಡಿಸದೆ ಅವರು ಬಿಡುವುದಿಲ್ಲ, ಹಾಗಾಗಿ ಬಸ್ಸಿಗೆ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.